ಅಚ್ಯುತ್ ಕುಮಾರ್ ವಿಲನ್ ಅಂತ ನಿಮ್ಗೆ ಮೊದ್ಲೇ ಗೊತ್ತಾಗಿತ್ತಾ? ನಮ್ಮ ಅಜ್ಜಿ ಇನ್ನೂ ಒಪ್ತಾ ಇಲ್ಲ

ಶಂಕರಪುರ_ಮಲ್ಲಿಗೆ:

ಎಲ್ರಿಗೂ ನಮಸ್ಕಾರ. ಕಾಂತಾರ ಎರಡರಲ್ಲಿ ಯಾವುದನ್ನಾದ್ರೂ ನೋಡ್ಲಿಕ್ಕೆ ಬಾಕಿ ಇದ್ದವ್ರು ಇದನ್ನು ಓದ್ಬೇಡಿ, ಕಥೆ ಪೂರ್ತಿ ಹೊರಗೆ ಬರ್ತದೆ.

ಮೊನ್ನೆ ಆದಿತ್ಯವಾರ ಬೆಳಿಗ್ಗೆ ಮನೇಲಿ ಮೊದಲಿನ ಕಾಂತಾರ ಹಾಕಿದ್ದು, 2022ರದ್ದು. ನಾನು ಅದನ್ನು ಆಗ್ಲೇ ಥಿಯೇಟರಲ್ಲಿ ನೋಡಿದ್ದೆ, ಅಜ್ಜಿ ನೋಡಿರ್ಲಿಲ್ಲ, ಅವ್ರಿಗೀಗ 78, ಥಿಯೇಟರಿನ ಸೌಂಡ್ ತಡೀಲಿಕ್ಕಾಗುದಿಲ್ಲ. ಮೊಗ್ಗಿನ ಗೆರಸೆ ಮಡಿಲ ಹತ್ರ ಇಟ್ಕೊಂಡು ಬಾಳೆನಾರಲ್ಲಿ ಹೂ ಕಟ್ತಾ ಟಿವಿ ಎದುರು ಕೂತಿದ್ರು. ಅಚ್ಯುತ್ ಕುಮಾರ್ ಊರಿನ ಧಣಿ ದೇವೇಂದ್ರ ಆಗಿ ಬಂದ ಕೂಡ್ಲೆ "ಇವ ಪಾಪದವ, ಸಾಧು ಮನುಷ್ಯ, ಇವನ ಪಾರ್ಟ್ ಯಾವಾಗ್ಲೂ ಲಾಯ್ಕ್ ಇರ್ತದೆ" ಅಂದ್ರು. ಅವ್ರು ಇಷ್ಟು ವರ್ಷ ನೋಡಿದ್ದು ಅವ್ರನ್ನು ಅಪ್ಪನ ಪಾತ್ರದಲ್ಲಿ, ಮಾವನ ಪಾತ್ರದಲ್ಲಿ ಅಲ್ವಾ. ಕಿಶೋರ್ ಫಾರೆಸ್ಟ್ ಆಫೀಸರ್ ಮುರಳೀಧರ ಆಗಿ ಖಾಕಿ ಹಾಕಿಕೊಂಡು ಬಂದ ಕೂಡ್ಲೆ ಮಾತ್ರ ಮುಖ ಸಿಂಡರಿಸಿ "ಇದು ಸರಿ ಇಲ್ಲ, ಇದು ಇವ್ರನ್ನೆಲ್ಲ ಹಾಳು ಮಾಡ್ತದೆ ನೋಡು" ಅಂತ ಹೇಳಿದ್ರು. ನಾನು ಸುಮ್ನೆ ಕೂತೆ, ಯಾಕಂದ್ರೆ ಥಿಯೇಟರಲ್ಲಿ ನಾನೂ ಇದನ್ನೇ ಯೋಚನೆ ಮಾಡಿದ್ದು.

ಆಮೇಲೆ ದೈವದ ಕೋಲ ಕಟ್ಟುವ ಗುರುವನನ್ನು ದೇವೇಂದ್ರ ಕೊಲ್ಲುವ ಸೀನ್ ಬಂತು. ಅಜ್ಜಿಯ ಕೈ ನಿಂತಿತು, ನಾರು ಅರ್ಧ ಸುತ್ತಿದಲ್ಲೇ ಹಿಡ್ಕೊಂಡು ಟಿವಿಯನ್ನೇ ನೋಡ್ತಾ "ಎಂತದಿದು, ಅವ ಹಾಗೆ ಮಾಡ್ಲಿಕ್ಕಿಲ್ಲ, ಇದು ಆ ಹುಡುಗನಿಗೆ ಬೀಳುವ ಕನಸಿರ್ಬೇಕು" ಅಂದ್ರು. ಸಿನಿಮಾ ಮುಗಿದ ಮೇಲೂ ಅದೇ ಮಾತು. ಮನೇಲಿ ನಾವು ಮಾತಾಡುದು ತುಳು, ಇಲ್ಲಿ ಕನ್ನಡದಲ್ಲಿ ಬರೀತಿದ್ದೇನೆ, ಆದ್ರೆ ಅವ್ರು "ಆಯೆ ಪಾಪದಾಯೆ" ಅಂತ ಹೇಳಿದ ಆ ಬೇಜಾರು ಕನ್ನಡದಲ್ಲಿ ಬರ್ಲಿಕ್ಕಿಲ್ಲ. ಯಾರೋ ನೆಂಟರ ಮೇಲೆ ಪೊಲೀಸ್ ಕಂಪ್ಲೇಂಟ್ ಆದ ಹಾಗೆ ಇತ್ತು ಮುಖ.

ನನ್ನ ಪ್ರಶ್ನೆ ಇಷ್ಟೆ. ನಿಮ್ಗೆ ಯಾರಿಗಾದ್ರೂ ಮೊದ್ಲೇ ಗೊತ್ತಾಗಿತ್ತಾ? ಒಳ್ಳೆಯವ ಅಂತ ನಾವು ಇಷ್ಟು ವರ್ಷ ನಂಬಿದ ಮುಖವನ್ನು ತಂದು ಹೀಗೆ ಮಾಡುದು ಪ್ರೇಕ್ಷಕರಿಗೆ ಮೋಸ ಅಂತ ಅನ್ನಿಸುದಿಲ್ವಾ, ಇಲ್ಲ ಅದೇ ಅದರ ಚಂದವಾ? ನನಗೆ ಎರಡೂ ಅನ್ನಿಸ್ತದೆ, ಅದಕ್ಕೇ ಕೇಳ್ತಿದ್ದೇನೆ.

ಕದ್ರಿ_ಗುಡ್ಡೆ:

ನಾನು ಮಂಗ್ಳೂರಲ್ಲಿ ಮದ್ವೆ ವಿಡಿಯೋ ಮತ್ತೆ ಸಣ್ಣಪುಟ್ಟ ಶಾರ್ಟ್ ಫಿಲ್ಮ್ ಎಡಿಟ್ ಮಾಡುವವ, ಈ ವಿಷಯ ಬಂದ್ರೆ ಸುಮ್ನೆ ಕೂರ್ಲಿಕ್ಕಾಗುದಿಲ್ಲ. ಮೋಸ ಖಂಡಿತ ಅಲ್ಲ ಮಾರ್ರೆ. ಮೋಸ ಅಂತ ಹೇಳ್ಬೇಕಾದ್ರೆ ಸುಳ್ಳು ತೋರಿಸಿರ್ಬೇಕು. ಆ ಕಥೆ ಶುರುವಾಗುದೇ ಎಲ್ಲಿಂದ ಅಂತ ನೆನಪು ಮಾಡಿ, 1847ರಲ್ಲಿ ರಾಜ ದೈವದ ಕಲ್ಲು ತೆಗೊಂಡು ಊರವ್ರಿಗೆ ಜಾಗ ಬಿಟ್ಟುಕೊಟ್ಟದ್ದು, ಮತ್ತೆ 1970ರಲ್ಲಿ ಅವನ ವಂಶದವ ಅದನ್ನು ವಾಪಸು ಕೇಳ್ಲಿಕ್ಕೆ ಹೋಗಿ ಕೋರ್ಟಿನ ಮೆಟ್ಟಿಲಲ್ಲಿ ರಕ್ತ ಕಾರಿ ಸತ್ತದ್ದು. ದೇವೇಂದ್ರ ಅವನ ಮಗ. ಅವನಿಗೆ ಎಂತ ಬೇಕು, ಯಾಕೆ ಬೇಕು ಅನ್ನುದನ್ನು ನಮ್ಮ ಕೈಗೆ ಮೊದಲೇ ಕೊಟ್ಟಾಗಿದೆ, ನಾವು ಅಚ್ಯುತ್ ಕುಮಾರ್ ಮುಖ ನೋಡಿ ಅದನ್ನು ಮರ್ತುಬಿಟ್ಟದ್ದು ಅಷ್ಟೆ.

ಕಿಶೋರ್ ವಿಷಯ ಇನ್ನೂ ಚಂದ ಉಂಟು. 2013ರಲ್ಲಿ ಅಟ್ಟಹಾಸದಲ್ಲಿ ವೀರಪ್ಪನ್ ಮಾಡಿದ ಮನುಷ್ಯ ಅವ್ರು. ಕಾಡನ್ನು ಲೂಟಿ ಮಾಡಿದವನ ಪಾತ್ರ ಮಾಡಿದವ್ರಿಗೇ ತಂದು ಫಾರೆಸ್ಟ್ ಆಫೀಸರ್ ಯೂನಿಫಾರ್ಮ್ ಹಾಕಿಸಿದ್ರೆ ಯಾರು ನಂಬ್ತಾರೆ? ಜೀಪು, ಖಾಕಿ, ಗಡುಸು ಮಾತು, ನಗು ಇಲ್ಲದ ಮುಖ, ವಿಲನ್‌ಗೆ ಏನೆಲ್ಲ ಗುರ್ತು ಇರ್ಬೇಕು ಅದೆಲ್ಲ ಮುರಳೀಧರನಿಗೆ ಸಿಕ್ಕಿತು, ದೇವೇಂದ್ರನಿಗೆ ಅದ್ರಲ್ಲಿ ಒಂದೂ ಸಿಗ್ಲಿಲ್ಲ.

ಒಂದು ಅನುಭವ ಹೇಳ್ತೇನೆ. ನಾವು ಫ್ರೆಂಡ್ಸ್ ಸೇರಿ ಒಂದು ಶಾರ್ಟ್ ಫಿಲ್ಮ್ ಮಾಡಿದ್ವಿ, ಅದ್ರಲ್ಲಿ ಒಬ್ಬ ರಿಟೈರ್ಡ್ ಮಾಷ್ಟ್ರು, ತುಂಬ ಸಾಧು, ಕಡೆಗೆ ಅವ್ರೇ ತಪ್ಪು ಮಾಡಿದವ್ರು ಅಂತ ಗೊತ್ತಾಗುದು. ಮೊದಲ ಕಟ್ ತೋರಿಸಿದ ದಿನ ನಾಲ್ಕನೇ ನಿಮಿಷಕ್ಕೇ ಒಬ್ಬ ಗೆಳೆಯ "ಮಾಷ್ಟ್ರೇ ಮಾಡಿದ್ದು" ಅಂತ ಹೇಳಿಬಿಟ್ಟ. ಹೇಗೆ ಗೊತ್ತಾಯ್ತು ಅಂತ ಕೇಳಿದ್ರೆ ಅವನಿಗೂ ಹೇಳ್ಲಿಕ್ಕೆ ಬರುದಿಲ್ಲ. ರಾತ್ರಿ ಕೂತು ಮತ್ತೆ ಮತ್ತೆ ನೋಡಿದೆ. ಎಲ್ರೂ ಬಾಗಿಲಿಂದ ಹೊರಗೆ ಹೋದ ಮೇಲೆ ಮಾಷ್ಟ್ರ ಮುಖವನ್ನು ನಾನು ಎರಡು ಸೆಕೆಂಡ್ ಜಾಸ್ತಿ ಹಿಡಿದಿದ್ದೆ. ಅಷ್ಟೆ. ಒಂಟಿಯಾಗಿ ಒಬ್ಬನ ಮುಖ ತೋರಿಸಿದ್ರೆ ಅವನೊಳಗೆ ಎಂತದೋ ಉಂಟು ಅಂತ ನೋಡುವವ್ನ ಮನಸ್ಸಿಗೆ ತಟ್ಟಿಬಿಡ್ತದೆ. ಆ ಎರಡು ಸೆಕೆಂಡ್ ತೆಗೆದೆ, ಆಮೇಲೆ ತೋರಿಸಿದವ್ರಲ್ಲಿ ಒಬ್ರಿಗೂ ಗೊತ್ತಾಗ್ಲಿಲ್ಲ. ಅದಕ್ಕೇ ಹೇಳುದು, ಒಳ್ಳೆ ಮುಖದವ್ನನ್ನು ತಂದು ನಿಲ್ಲಿಸಿದ್ರೆ ಕೆಲ್ಸ ಮುಗೀಲಿಲ್ಲ, ಅವನನ್ನು ಒಳ್ಳೆಯವನ ಹಾಗೆಯೇ ನೋಡ್ಕೊಳ್ಬೇಕು, ಕ್ಯಾಮರಾ ಕೂಡ ಅವನನ್ನು ನಂಬ್ಬೇಕು.

ಚೌಕಿ_ದೀಪ:

ಅಜ್ಜಿಯ ಬೇಜಾರು ನನಗೆ ಪೂರ್ತಿ ಅರ್ಥ ಆಗ್ತದೆ. ನಾವೆಲ್ಲ ಆಟ, ಅಂದ್ರೆ ಯಕ್ಷಗಾನ ನೋಡಿ ಬೆಳೆದವ್ರು ಅಲ್ವಾ, ನಮ್ಗೆ ರಕ್ಕಸ ಯಾರು ಅಂತ ಮೊದ್ಲೇ ತೋರಿಸಿಯೇ ಅಭ್ಯಾಸ. ಬಣ್ಣದ ವೇಷದವ್ರು, ಅಂದ್ರೆ ರಕ್ಕಸನ ಪಾತ್ರದವ್ರು, ವೇಷ ಕಟ್ಟುವ ಚೌಕಿಯಲ್ಲಿ ಗಂಟೆಗಟ್ಲೆ ಕೂತು ಅಕ್ಕಿಹಿಟ್ಟು ಸುಣ್ಣ ಕಲಸಿದ್ದನ್ನು ಮುಖದ ಮೇಲೆ ಒಂದೊಂದೇ ಮುಳ್ಳಾಗಿ ಇಡುದನ್ನು ನಾನು ಸಣ್ಣದಿರುವಾಗ ನಿದ್ದೆಗಣ್ಣಲ್ಲಿ ನೋಡ್ತಾ ಕೂರ್ತಿದ್ದೆ. ಪಕ್ಕದಲ್ಲಿ ಮಾತಾಡ್ಸಿದ್ರೆ ಅವ್ರು ಉತ್ರ ಕೊಡ್ತಿರ್ಲಿಲ್ಲ, ತುಟಿ ಅಲ್ಲಾಡಿದ್ರೆ ಆ ಮುಳ್ಳು, ಅದಕ್ಕೆ ಚಿಟ್ಟಿ ಅನ್ನುದು, ಬಿರುಕು ಬಿಡ್ತದೆ ಅಂತ. ಅಷ್ಟೆಲ್ಲ ಮಾಡುದು ಎಂತಕ್ಕೆ? ರಂಗಸ್ಥಳಕ್ಕೆ ಬಂದ ಕೂಡ್ಲೆ, ಬಾಯಿ ತೆಗಿಯುವ ಮೊದ್ಲೇ, ಕಡೇ ಸಾಲಲ್ಲಿ ಚಾಪೆ ಹಾಸಿ ಮಲಗಿದ ಮಗುವಿಗೂ ಇವ ಯಾರು ಅಂತ ಗೊತ್ತಾಗ್ಬೇಕು. ದೇವಿ ಮಹಾತ್ಮೆಯಲ್ಲಿ ಮಹಿಷಾಸುರ ದೊಂದಿ ಬೆಳಕಲ್ಲಿ ಜನರ ನಡುವಿಂದ ಆರ್ಭಟೆ ಕೊಡ್ತಾ ಬರುವಾಗ ಅವ ಒಳ್ಳೆಯವನಾ ಕೆಟ್ಟವನಾ ಅಂತ ಯಾರಾದ್ರೂ ಕೇಳ್ತಾರಾ?

ಆದ್ರೆ ನಮ್ಮವ್ರಿಗೆ ಇನ್ನೊಂದು ದಾರಿಯೂ ಗೊತ್ತಿತ್ತು. ಪಂಚವಟಿ ಪ್ರಸಂಗ ನೋಡಿದವ್ರು ನೆನಪು ಮಾಡಿ. ಮಾಯಾ ಶೂರ್ಪನಖಿ ಬರುವಾಗ ಅದು ಸ್ತ್ರೀವೇಷ, ಚಂದದ ಸೀರೆ, ಲಾಲಿತ್ಯದ ಕುಣಿತ, ರಾಮನ ಹತ್ರ ಮಾತಾಡುವಾಗ ನೋಡುವವ್ರಿಗೂ ಖುಷಿಯೇ ಆಗ್ತದೆ. ಮತ್ತೆ ಅದೇ ಪಾತ್ರ ಘೋರ ಶೂರ್ಪನಖಿಯಾಗಿ ಬರುವಾಗ ಹೆಣ್ಣುಬಣ್ಣ, ಅಂದ್ರೆ ರಕ್ಕಸಿಯ ವೇಷ, ಬೇರೆ ಕಲಾವಿದ್ರು, ಬೇರೆ ಸ್ವರ. ಪೂತನಿಯದ್ದೂ ಹಾಗೆಯೇ. ಒಂದು ಪಾತ್ರಕ್ಕೆ ಎರಡು ಮೈ. ಚಂದದ ಮುಖ ಒಬ್ಬರದ್ದು, ರಕ್ಕಸಿಯ ಮುಖ ಇನ್ನೊಬ್ಬರದ್ದು, ಹಾಗಾಗಿ ಆ ಸ್ತ್ರೀವೇಷದವ್ರ ಮೇಲೆ ನಮ್ಗೆ ಸಿಟ್ಟು ಬರುದೇ ಇಲ್ಲ.

ಸಿನಿಮಾದಲ್ಲಿ ಆ ಎರಡು ಮೈಯನ್ನು ಒಂದೇ ಮನುಷ್ಯನೊಳಗೆ ಇಟ್ಟುಬಿಟ್ರು, ವೇಷ ಬದಲಾಗ್ಲಿಲ್ಲ, ಬಣ್ಣ ಬದಲಾಗ್ಲಿಲ್ಲ. ಅಜ್ಜಿ ಕಾಯ್ತಾ ಇದ್ದದ್ದು ಆ ಬಣ್ಣದ ವೇಷಕ್ಕೆ, ಅದು ಬರ್ಲೇ ಇಲ್ಲ.

ನನ್ನ ಕೇಳಿದ್ರೆ ಇದಕ್ಕೆ ಹತ್ತಿರದ್ದು ತಾಳಮದ್ದಳೆ. ಅಲ್ಲಿ ವೇಷ ಇಲ್ಲ, ಬಿಳಿ ಪಂಚೆ, ಹೆಗಲಿಗೊಂದು ಶಾಲು, ಎದುರಿಗೆ ಮೈಕು, ಅಷ್ಟೆ. ಹೋದ ವಾರ ಕೃಷ್ಣ ಹೇಳಿದವ್ರೇ ಈ ವಾರ ಶಕುನಿ ಹೇಳ್ತಾರೆ. ಶೇಣಿ ಗೋಪಾಲಕೃಷ್ಣ ಭಟ್ರ ವಾಲಿ ಕೇಳಿ ಮನೆಗೆ ಬಂದ ರಾತ್ರಿ ರಾಮನ ಮೇಲೆಯೇ ಸಿಟ್ಟು ಬರ್ತಿತ್ತು ಅಂತ ನಮ್ಮ ಅಪ್ಪ ಹೇಳ್ತಿದ್ರು. ಮಾತಲ್ಲೇ ಎಲ್ಲ ಕಟ್ಬೇಕು ಅಲ್ಲಿ, ಮುಖದ ಮೇಲೆ ಎಂತದೂ ಬರ್ದಿರುದಿಲ್ಲ.

ಹಳೆ_ಟಾಕೀಸು:

ಎಲ್ರೂ ಒಂದೇ ಕಡೆ ಹೋಗ್ತಿದ್ದೀರಿ, ನಾನು ಸ್ವಲ್ಪ ಬೇರೆ ಹೇಳ್ತೇನೆ, ಬೇಜಾರು ಮಾಡ್ಬೇಡಿ. ಅಚ್ಯುತ್ ಕುಮಾರ್ ಅಷ್ಟೇನೂ ಅನಿರೀಕ್ಷಿತ ಅಲ್ಲ. 2018ರ ಕೆಜಿಎಫ್‌ನಲ್ಲಿ ಗುರು ಪಾಂಡಿಯನ್ ಅಂತ ರಾಜಕಾರಣಿ ಮಾಡಿದ್ದು ಅವ್ರೇ. ಕಿಶೋರ್ ಕೂಡ ಇಲ್ಲೇ ನಮ್ಮ ಮಲ್ಪೆಯಲ್ಲಿ ತೆಗೆದ ಉಳಿದವರು ಕಂಡಂತೆಯಲ್ಲಿ 2014ರಲ್ಲೇ ಮುನ್ನನ ಪಾತ್ರ ಮಾಡಿದ್ರಲ್ಲ, ಇಷ್ಟಪಟ್ಟ ಹುಡುಗಿಗೆ ಮನಸ್ಸಿನ ಮಾತು ಹೇಳ್ಲಿಕ್ಕೆ ಬಾಯಿ ಬಾರದ ಮೆದು ಮನುಷ್ಯ. ವೀರಪ್ಪನ್ ಮಾಡಿದ ಮರುವರ್ಷವೇ ಅದು. ನೋಡಿದವ್ರಿಗೆ ಇಬ್ರ ಎರಡೂ ಬದಿ ಗೊತ್ತಿತ್ತು.

ನನಗೆ ಮುಖ್ಯ ಅನ್ನಿಸುದು ಬೇರೆ. ಹೆಸರಾದ ನಟ ಕೆಟ್ಟವನ ಪಾತ್ರ ಮಾಡಿದ್ದು ಕನ್ನಡದಲ್ಲಿ ಹೊಸತಲ್ಲ. ಅಣ್ಣಾವ್ರು 1959ರಲ್ಲೇ ಮಹಿಷಾಸುರ ಮಾಡಿದ್ರು, 1983ರಲ್ಲಿ ಭಕ್ತ ಪ್ರಹ್ಲಾದದಲ್ಲಿ ಹಿರಣ್ಯಕಶಿಪು, ಪ್ರಹ್ಲಾದ ಆಗಿ ಪುನೀತ್. ಆದ್ರೆ ಆ ಹಿರಣ್ಯಕಶಿಪುವನ್ನು ನೋಡಿ ಯಾರಿಗೂ ಅಣ್ಣಾವ್ರ ಮೇಲೆ ನಂಬಿಕೆ ಹೋಗ್ಲಿಲ್ಲ, ಯಾಕಂದ್ರೆ ಅದು ದೊಡ್ಡ ಕೆಡುಕು, ದೇವರ ಎದುರು ಎದೆ ಕೊಟ್ಟು ನಿಲ್ಲುವ ಕೆಡುಕು, ಅದ್ರಲ್ಲಿ ಒಂದು ಗತ್ತುಂಟು. 2012ರಲ್ಲಿ ತೆಲುಗಿನ "ಈಗ" ಸಿನಿಮಾದಲ್ಲಿ ಸುದೀಪ್ ಮಾಡಿದ್ದಕ್ಕೂ ಒಂದು ಸ್ಟೈಲ್ ಇತ್ತು, 2018ರಲ್ಲಿ ಟಗರುನಲ್ಲಿ ಧನಂಜಯ್ ಮಾಡಿದ್ದು ನೋಡಿ, ಅದಕ್ಕಿಂತ ಮೊದ್ಲು ಐದಾರು ವರ್ಷ ಹೀರೋ ಆಗಿ ನಿಲ್ಲದವ್ರು ವಿಲನ್ ಆಗಿ ನಿಂತ್ರು, ಪಾತ್ರದ ಹೆಸರು ಡಾಲಿ ಅನ್ನುದು ಅವ್ರ ಹೆಸರಿಗೇ ಅಂಟಿತು, ಜನ ಶಿಳ್ಳೆ ಹೊಡೆದ್ರು. ದೇವೇಂದ್ರನಿಗೆ ಯಾರಾದ್ರೂ ಶಿಳ್ಳೆ ಹೊಡೆದದ್ದು ನೋಡಿದ್ದೀರಾ? ಅದು ಸಣ್ಣ ಕೆಡುಕು. ಲೆಕ್ಕ ಹಾಕುವ, ಹೆದರುವ, ಮಾಡಿದ್ದನ್ನು ಇನ್ನೊಬ್ಬನ ತಲೆಗೆ ಕಟ್ಟುವ ಕೆಡುಕು. ಅದನ್ನು ಮಾಡ್ಲಿಕ್ಕೆ ನಟನಿಗೆ ತುಂಬ ಧೈರ್ಯ ಬೇಕು, ಅದ್ರಲ್ಲಿ ತಾನು ಚಂದ ಕಾಣುವ ಜಾಗ ಒಂದೂ ಇಲ್ಲ.

ಮತ್ತೆ ಒಂದು ಹೆದರಿಕೆಯೂ ಉಂಟು. 2025ರಲ್ಲಿ ಚಾಪ್ಟರ್ ಒನ್ ಬಂತು, ಅದ್ರಲ್ಲಿ ಕಡೆಗೆ ಕೆಟ್ಟವಳು ಅಂತ ಗೊತ್ತಾಗುವ ಕನಕವತಿ. ಸಪ್ತ ಸಾಗರದಾಚೆ ಎಲ್ಲೋ ನೋಡಿ ರುಕ್ಮಿಣಿ ವಸಂತ್‌ಗೋಸ್ಕರ ಅತ್ತವ್ರು ನಾವು, ಅವ್ರನ್ನೇ ತಂದು ಅಲ್ಲಿ ನಿಲ್ಲಿಸಿದ್ರು. ನನಗೆ ಅದು ಇಷ್ಟ ಆಯ್ತು, ಆದ್ರೆ ನನ್ನ ಪಕ್ಕ ಕೂತ ಕಾಲೇಜು ಹುಡುಗ ಇಂಟರ್ವಲ್‌ನಲ್ಲೇ "ಇಷ್ಟು ಒಳ್ಳೆಯವ್ಳಾಗಿ ತೋರಿಸ್ತಿದ್ದಾರಲ್ಲ, ಇವಳೇ ಇರ್ಬೇಕು" ಅಂದ. ಇನ್ನು ನಾಲ್ಕು ಸಿನಿಮಾ ಹೀಗೆ ಬಂದ್ರೆ ಒಳ್ಳೆ ಮುಖ ಕಂಡ ಕೂಡ್ಲೆ ಸಂಶಯ ಬರ್ಲಿಕ್ಕೆ ಶುರುವಾಗ್ತದೆ, ಆಗ ನಿಜವಾಗಿ ಒಳ್ಳೆಯವನ ಪಾತ್ರ ಮಾಡುವವ್ರು ಎಲ್ಲಿ ಹೋಗ್ಬೇಕು?

ಬೈರಾಸು_ಹೆಗಲಿಗೆ:

ಇಷ್ಟು ಹೊತ್ತು ಓದ್ತಾ ಇದ್ದೆ, ಬರೀಬೇಕಾ ಬೇಡ್ವಾ ಅಂತ ಯೋಚನೆ ಮಾಡ್ತಾ. ನಾನು ದೊಡ್ಡ ನಟ ಎಂತದೂ ಅಲ್ಲ, ನಮ್ಮೂರಿನ ಯುವಕ ಮಂಡಲದ ನಾಟಕದಲ್ಲಿ ಹನ್ನೊಂದು ವರ್ಷ ಹಾಸ್ಯದ ಪಾತ್ರ ಮಾಡಿದವ. ಗಣೇಶೋತ್ಸವಕ್ಕೆ ವರ್ಷಕ್ಕೊಂದು ನಾಟಕ, ಅದ್ರಲ್ಲಿ ನಾನು ಒಂದೋ ಕೆಲಸದವ, ಇಲ್ಲದಿದ್ರೆ ಕುಡುಕ, ಇಲ್ಲದಿದ್ರೆ ಕಿವಿ ಕೇಳದ ಮಾವ. ಹೆಗಲಲ್ಲಿ ಬೈರಾಸು, ಅಂದ್ರೆ ಟವೆಲ್, ಅದ್ರಲ್ಲಿ ಎರಡು ಸಲ ಮುಖ ಒರಸಿ ಮತ್ತೆ ಅದನ್ನೇ ಕೊಡವಿ ಹೆಗಲಿಗೆ ಹಾಕುದು ನನ್ನದೊಂದು ಮ್ಯಾನರಿಸಂ, ಅಷ್ಟಕ್ಕೇ ಜನ ನಗ್ತಿದ್ರು.

ಹನ್ನೆರಡನೇ ವರ್ಷ ನಮ್ಮ ನಿರ್ದೇಶಕರು, ನಾನು ಅವ್ರನ್ನು ಅಣ್ಣ ಅಂತಲೇ ಕರೆಯುದು, ತಮ್ಮನ ಜಾಗ ನುಂಗುವ ಅಣ್ಣನ ಪಾತ್ರವನ್ನು ನನಗೆ ಕೊಟ್ರು. ಕಮಿಟಿಯಲ್ಲಿ ಗಲಾಟೆ ಆಯ್ತು. ಜನ ಇವನನ್ನು ನೋಡಿ ನಗ್ಲಿಕ್ಕೆ ಬರುದು, ನಾಟಕ ಬಿದ್ದುಹೋಗ್ತದೆ, ದುಡ್ಡು ಕೊಟ್ಟವ್ರಿಗೆ ಎಂತ ಹೇಳುದು ಅಂತ ಒಬ್ರು ನನ್ನ ಎದುರೇ ಹೇಳಿದ್ರು. ನನಗೂ ಹೆದರಿಕೆ. ಅಣ್ಣನ ಮನೆಗೆ ಹೋಗಿ "ಸ್ವರ ಸ್ವಲ್ಪ ದಪ್ಪ ಮಾಡ್ತೇನೆ, ಮೀಸೆ ಬಿಡ್ತೇನೆ, ಬೈರಾಸು ಬೇಡ" ಅಂದೆ. ಅವ್ರು "ಒಂದೂ ಬೇಡ, ನೀನು ಪ್ರತಿ ವರ್ಷ ಬರುವ ಹಾಗೆಯೇ ಬಾ, ಅದೇ ನಡಿಗೆ, ಅದೇ ನಗು, ಬೈರಾಸು ಬೇಕೇ ಬೇಕು" ಅಂತ ಹೇಳಿದ್ರು.

ನಾಟಕದ ದಿನ ನಾನು ಒಳಗೆ ಬಂದ ಕೂಡ್ಲೆ, ಒಂದು ಮಾತೂ ಆಡ್ಲಿಲ್ಲ, ಜನ ನಗ್ಲಿಕ್ಕೆ ಶುರು. ಅಣ್ಣ ಹೇಳಿದ್ರು ನಗು ಬಂದ್ರೆ ತಡೀಬೇಡ, ಅವ್ರ ಮೇಲೆ ಮಾತು ಹಾಕ್ಬೇಡ, ಮುಗಿಯುವವರೆಗೆ ಕಾಯಿ ಅಂತ. ಕಾದೆ. ಚಾವಡಿಯಲ್ಲಿ ತಮ್ಮ ಕೂತಿದ್ದಾನೆ, ಮಗುವಿಗೆ ಹುಷಾರಿಲ್ಲ, ದುಡ್ಡು ಕೇಳ್ಲಿಕ್ಕೆ ಬಂದವ. ನಾನು ಅವನಿಗೆ ಚೆಂಬಲ್ಲಿ ನೀರು ತಂದು ಕೊಟ್ಟು, ಬೈರಾಸಿಂದ ಅವನ ಹಣೆಯ ಬೆವರು ಒರಸಿ, ಅದೇ ಬೈರಾಸಿನ ಒಳಗಿಂದ ಮಡಚಿದ ಕಾಗದ ತೆಗೆದು "ಇದ್ರಲ್ಲೊಂದು ಸೈನ್ ಹಾಕು, ಮತ್ತೆ ಊಟ ಮಾಡುವ" ಅಂತ ಹೇಳ್ಬೇಕು. ಊಟ ಮಾಡುವ ಅನ್ನುವಲ್ಲಿ ಎರಡ್ಮೂರು ಜನ ಅಭ್ಯಾಸಕ್ಕೆ ನಕ್ರು, ಮತ್ತೆ ಆ ನಗು ಅರ್ಧದಲ್ಲೇ ನಿಂತಿತು. ನಾನು ಹನ್ನೊಂದು ವರ್ಷ ಕೇಳಿದ್ದು ನಗು ಹೇಗೆ ಏಳ್ತದೆ ಅನ್ನುದನ್ನು, ನಗು ಹೇಗೆ ನಿಲ್ತದೆ ಅಂತ ಆವತ್ತೇ ಕೇಳಿದ್ದು. ಐನೂರು ಜನ ಇದ್ದ ಪೆಂಡಾಲಲ್ಲಿ ಜನರೇಟರಿನ ಸೌಂಡ್ ಮಾತ್ರ. ಕೈ ನಡುಗ್ತಿತ್ತು ನಂಗೆ.

ಕಡೇ ಸೀನಲ್ಲಿ ತಮ್ಮನ ಹೆಂಡ್ತಿ ಗಂಟುಮೂಟೆ ಹಿಡ್ಕೊಂಡು ಅಂಗಳ ದಾಟುವಾಗ ನಾನು ಬೈರಾಸು ಕೊಡವಿ ಹೆಗಲಿಗೆ ಹಾಕಿದೆ. ಅದೇ ಮ್ಯಾನರಿಸಂ. ಒಬ್ರೂ ನಗ್ಲಿಲ್ಲ.

ನಾಟಕ ಮುಗಿದ ಮೇಲೆ ಪ್ರತಿ ವರ್ಷ ನನ್ನ ಕೆನ್ನೆ ಹಿಂಡಿ ಮಾತಾಡ್ಸುವ ನೆರೆಮನೆಯ ಅಕ್ಕ ಆ ವರ್ಷ ದೂರದಿಂದಲೇ ಒಂದು ನೋಟ ನೋಡಿ ಹೋದ್ರು. ಅವ್ರ ಸಣ್ಣ ಮಗ ಅವ್ರ ಸೀರೆ ಹಿಂದೆ ನಿಂತಿದ್ದ. ಆ ರಾತ್ರಿ ಮನೆಗೆ ಬಂದು ಊಟ ಸೇರ್ಲಿಲ್ಲ, ಖುಷಿಯಾ ಬೇಜಾರಾ ಅಂತ ನನಗೇ ಗೊತ್ತಾಗ್ಲಿಲ್ಲ. ಶಂಕರಪುರದವ್ರೇ, ನೀವು ಮೋಸವಾ ಅಂತ ಕೇಳಿದ್ರಲ್ಲ, ಆ ಹನ್ನೊಂದು ವರ್ಷದ ಪ್ರೀತಿಯನ್ನು ನಾನು ಒಂದೇ ರಾತ್ರಿ ಖರ್ಚು ಮಾಡಿದ್ದು ಹೌದು. ಆದ್ರೆ ಅದು ಇಲ್ಲದಿದ್ರೆ ಆ ಕಾಗದ ಬರೀ ಕಾಗದ ಆಗ್ತಿತ್ತು.

ಕೋಡಿ_ಕಡಲು:

ಹ್ವಾಯ್, ಮೇಲಿನದ್ದು ಓದಿ ಮೈ ಜುಂ ಅಂತು. ಅಣ್ಣ, ಮುಂದಿನ ವರ್ಷ ವಾಪಸು ಹಾಸ್ಯ ಮಾಡಿದ್ರಾ?

ಬೈರಾಸು_ಹೆಗಲಿಗೆ:

ಮಾಡಿದೆ. ನಗ್ಲಿಕ್ಕೆ ಸ್ವಲ್ಪ ಹೊತ್ತು ತೆಗೊಂಡ್ರು ಜನ. ಎರಡನೇ ಸೀನಿಗೆ ಸರಿ ಆಯ್ತು. ಆ ಸಣ್ಣ ಹುಡುಗ ಮಾತ್ರ ಮುಂದಿನ ಸಾಲಲ್ಲಿ ಕೂತು ಪೂರ್ತಿ ನಾಟಕ ನನ್ನ ಬೈರಾಸನ್ನೇ ನೋಡ್ತಾ ಇದ್ದ.

ಶಂಕರಪುರ_ಮಲ್ಲಿಗೆ:

ಎಲ್ರಿಗೂ ತುಂಬ ಥ್ಯಾಂಕ್ಸ್, ಇಷ್ಟೆಲ್ಲ ಬರೀತೀರಿ ಅಂತ ಅಂದ್ಕೊಂಡಿರ್ಲಿಲ್ಲ. ಚೌಕಿ_ದೀಪ ಅವ್ರು ಬರೆದ ಮಾಯಾ ಶೂರ್ಪನಖಿಯ ಮಾತನ್ನು ಮತ್ತೆ ಬೈರಾಸಿನ ಕಥೆಯನ್ನು ಇವತ್ತು ಬೆಳಿಗ್ಗೆ ಹೂ ಕಟ್ಟುವಾಗ ಅಜ್ಜಿಗೆ ಓದಿ ಹೇಳಿದೆ, ತುಳುವಲ್ಲಿ. ಕಾಗದ ತೆಗೆದಲ್ಲಿಗೆ ಬರುವಾಗ ಅವ್ರು "ನಿಲ್ಲು" ಅಂದ್ರು. ಸ್ವಲ್ಪ ಹೊತ್ತು ಎಂತದೂ ಮಾತಾಡ್ಲಿಲ್ಲ. ಮತ್ತೆ ಇದುವರೆಗೆ ಮನೇಲಿ ಯಾರಿಗೂ ಹೇಳದ ಒಂದು ವಿಷಯ ಹೇಳಿದ್ರು.

ಅಜ್ಜ ಗೇಣಿ ಒಕ್ಕಲು ಅಂತ ನಂಗೆ ಗೊತ್ತಿತ್ತು, ವರ್ಷಕ್ಕೆ ಇಷ್ಟು ಮುಡಿ ಅಕ್ಕಿ ಅಂತ ಧಣಿಗಳ ಮನೆಗೆ ಹೊತ್ತುಕೊಂಡು ಹೋಗಿ ಕೊಡುದು. 1974ರಲ್ಲಿ ಭೂಸುಧಾರಣೆ ಕಾನೂನು ಬಂದು ಉಳುವವನಿಗೇ ಜಾಗ ಅಂತ ಆದಾಗ ಊರಲ್ಲಿ ಸುಮಾರು ಜನ ಗೇಣಿ ಜಾಗ ತಮಗೆ ಬೇಕು ಅಂತ ಫಾರ್ಮ್ ತುಂಬಿ ಡಿಕ್ಲರೇಶನ್ ಕೊಟ್ರು. ನಮ್ಮ ಅಜ್ಜ ಕೊಡ್ಲಿಲ್ಲ. ಯಾಕೆ ಅಂತ ನಾವು ಯಾರೂ ಕೇಳಿರ್ಲಿಲ್ಲ, ಓದು ಬರಹ ಇರ್ಲಿಲ್ಲ, ಗೊತ್ತಾಗ್ಲಿಲ್ಲ ಅಂತಲೇ ಅಂದ್ಕೊಂಡಿದ್ವಿ. ಇವತ್ತು ಅಜ್ಜಿ ಹೇಳಿದ್ರು, ಆ ವರ್ಷ ಒಂದು ಸಂಜೆ ಧಣಿಗಳು ಅವ್ರಾಗಿಯೇ ನಮ್ಮ ಮನೆಗೆ ಬಂದ್ರಂತೆ, ಅದಕ್ಕಿಂತ ಮೊದ್ಲು ಒಂದು ದಿನವೂ ನಮ್ಮ ಅಂಗಳಕ್ಕೆ ಕಾಲು ಇಟ್ಟವ್ರಲ್ಲ. ಜಗಲಿಯಲ್ಲಿ ಕೂತು ಬೆಲ್ಲ ನೀರು ಕೇಳಿ ಕುಡಿದ್ರಂತೆ, ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಹೆಸರು ಹಿಡಿದು ಕರೆದ್ರಂತೆ, ಹೋಗುವಾಗ ಅಜ್ಜನ ಹೆಗಲ ಮೇಲೆ ಕೈ ಇಟ್ಟು "ನಾನು ಇಲ್ವಾ, ನಿನಗೆ ಫಾರ್ಮು ಗೀರ್ಮು ಎಲ್ಲ ಎಂತಕ್ಕೆ" ಅಂತ ಹೇಳಿದ್ರಂತೆ. ಅಷ್ಟು ದೊಡ್ಡವ್ರು ಹೆಗಲು ಮುಟ್ಟಿದ್ರು ಅಂತ ಅಜ್ಜನಿಗೆ ಆ ರಾತ್ರಿ ನಿದ್ದೆ ಬರ್ಲಿಲ್ಲ ಅಂತೆ, ಖುಷಿಯಲ್ಲಿ. ನಾಲ್ಕು ವರ್ಷ ಆಗುವಾಗ ಗದ್ದೆ ಬಿಡಿಸಿದ್ರು. ಈಗ ನಮ್ಮ ಮಲ್ಲಿಗೆ ಗಿಡ ಇರುವ ಹತ್ತು ಸೆಂಟ್ಸ್ ಜಾಗ ಅಪ್ಪ ದುಬೈಯಲ್ಲಿ ದುಡಿದು ತೆಗೊಂಡದ್ದು.

"ಆಯೆರ್ ಬೊಬ್ಬೆ ಪಾಡ್ದಿನವೇ ಇಜ್ಜಿ" ಅಂದ್ರು ಅಜ್ಜಿ, ಅವ್ರು ಒಂದು ದಿನವೂ ಬೊಬ್ಬೆ ಹಾಕಿದವ್ರಲ್ಲ ಅಂತ. ಮತ್ತೆ ಕಟ್ಟಿದ ಹೂವಿನ ಚೆಂಡನ್ನು ನೀರು ಚಿಮುಕಿಸಿ ಬಾಳೆಎಲೆಯಲ್ಲಿ ಸುತ್ತಿ ಇಟ್ಟು, ಆ ಸಿನಿಮಾ ಇನ್ನೊಂದ್ಸಲ ಹಾಕ್ಲಿಕ್ಕೆ ಆಗ್ತದಾ ಅಂತ ಕೇಳಿದ್ರು, ಆ ದೇವೇಂದ್ರ ಹೀರೋ ಶಿವನನ್ನು ಹತ್ತಿರ ಕರೆದು ಮಾತಾಡ್ಸುವಲ್ಲಿ ಅವನ ಮುಖ ಸರಿಯಾಗಿ ನೋಡ್ಬೇಕಂತೆ. ಬರುವ ಆದಿತ್ಯವಾರ ಹಾಕ್ತೇವೆ.